ಕ್ಯಾಬಿನೆಟ್ ಫ್ಯಾನಿನ ಸದ್ದು: ರಬ್ಬರ್ ಪಿನ್ನು, ಸ್ಪಂಜು, ಹೊಸ ಫ್ಯಾನು, ಬಯೋಸ್ ಎಲ್ಲ ಹಾಕಿ ನೋಡಿದ್ದು

ಕಂಪ್ಯೂಟರ್ ಕ್ಯಾಬಿನೆಟ್ಟಿನ ಫ್ಯಾನು ಸದ್ದು ಮಾಡುತ್ತೆ ಅಂದ ಕೂಡಲೇ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ದುಬಾರಿ ಫ್ಯಾನು ಹಾಕಿಸಿ. ನನ್ನ ಅನುಭವ ಬೇರೆ. ಯಾವ ಫ್ಯಾನು ಅನ್ನೋದಕ್ಕಿಂತ ಅದು ಎಷ್ಟು ಜೋರಾಗಿ ತಿರುಗುತ್ತೆ, ಎಷ್ಟು ಸಲ ವೇಗ ಬದಲಿಸುತ್ತೆ ಅನ್ನೋದೇ ದೊಡ್ಡ ವಿಷಯ.

ನಾನು ತುಮಕೂರಿನ ಎಸ್.ಎಸ್. ಪುರಂನ ಮನೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನದ ಪಾಠ ಓದಿ ರೆಕಾರ್ಡ್ ಮಾಡುತ್ತೇನೆ. ಬಿ.ಎಚ್. ರಸ್ತೆಯ ವಾಹನಗಳ ಗದ್ದಲ ಇಳಿದ ಮೇಲೆ ರಾತ್ರಿಯೇ ಆ ಕೆಲಸ. ಹೊರಗಿನ ಸದ್ದು ನಿಂತಾಗ ಕ್ಯಾಬಿನೆಟ್ಟಿನ ಗುಂಯ್ ಅನ್ನೋದು ನೇರ ಮೈಕಿಗೆ ಬರುತ್ತೆ. ಸಾಫ್ಟ್‌ವೇರ್‌ನಲ್ಲಿ ಅದನ್ನು ತೆಗೆಯಲು ಹೋದರೆ ದನಿ ತಗಡಿನ ಡಬ್ಬದೊಳಗಿಂದ ಬಂದ ಹಾಗೆ ಆಗುತ್ತೆ. ಹಾಗಾಗಿ ಸದ್ದನ್ನು ಹುಟ್ಟುವ ಜಾಗದಲ್ಲೇ ತಡೆಯಬೇಕಿತ್ತು.

ಮೊದಲು ಸದ್ದು ಯಾವ ಫ್ಯಾನಿನದು ಅಂತ ಪತ್ತೆ ಹಚ್ಚಿ. ಕಂಪ್ಯೂಟರ್ ಆಫ್ ಮಾಡಿ ಒಂದು ಫ್ಯಾನಿನ ವೈರಿನ ಪಿನ್ನು ತೆಗೆದು, ಮತ್ತೆ ಆನ್ ಮಾಡಿ ಕೇಳುವುದು. ಹೀಗೇ ಒಂದೊಂದಾಗಿ. ಪ್ರೊಸೆಸರ್ ಮೇಲಿನದನ್ನು ಮಾತ್ರ ಮುಟ್ಟಬೇಡಿ. ಎಲ್ಲ ತೆಗೆದರೂ ಸದ್ದು ಹಾಗೇ ಇದ್ದರೆ ಅದು ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬ) ಒಳಗಿನ ಫ್ಯಾನಿರಬಹುದು. ಅದನ್ನು ಮನೆಯಲ್ಲಿ ಬಿಚ್ಚಲೇಬಾರದು, ವೈರು ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟು ಉಳಿದಿರುತ್ತೆ. ನನ್ನಲ್ಲಿ ತಪ್ಪಿತಸ್ಥರು ಮುಂದಿನ ಮೂರು 120 ಮಿ.ಮೀ. ಬಣ್ಣದ ದೀಪದ ಫ್ಯಾನುಗಳು. ಕ್ಯಾಬಿನೆಟ್ ಜೊತೆಗೇ ಬಂದವು, ಎಸ್‌ಎಂಪಿಎಸ್‌ನಿಂದ ನೇರ 12 ವೋಲ್ಟ್ ತಗೊಂಡು ಸದಾ ಪೂರ್ತಿ ವೇಗದಲ್ಲಿ ತಿರುಗುವಂಥವು. ಮೂರೂ ಒಂದೇ ವೇಗದಲ್ಲಿ ತಿರುಗೋದಿಲ್ಲ, ಚೂರು ಆಚೀಚೆ ಇರುತ್ತೆ. ಆ ವ್ಯತ್ಯಾಸದಿಂದಲೇ ಸದ್ದು ಉಬ್ಬಿ ಇಳಿದು, ಉಬ್ಬಿ ಇಳಿದು ಕೇಳಿಸುತ್ತೆ. ಒಂದೇ ಮಟ್ಟದ ಸದ್ದಿಗೆ ಕಿವಿ ಒಗ್ಗುತ್ತೆ, ಇದಕ್ಕೆ ಒಗ್ಗೋದೇ ಇಲ್ಲ.

ಅಗ್ಗದ್ದು ರಬ್ಬರ್ ಪಿನ್ನು. ಸ್ಕ್ರೂ ಬದಲು ಇದನ್ನು ಎಳೆದು ಕೂರಿಸಿದರೆ ಫ್ಯಾನಿನ ನಡುಕ ತಗಡಿಗೆ ಹೋಗೋದಿಲ್ಲ. ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ. ಜುಮ್ಮೆಂದರೆ ಪಿನ್ನು ಹಾಕಿ, ಇಲ್ಲವಾದರೆ ದುಡ್ಡು ದಂಡ. ನನ್ನಲ್ಲಿ ಅಂಗೈಗೆ ತಿಳಿಯುತ್ತಿದ್ದ ನಡುಕ ನಿಂತಿತು, ಗಾಳಿಯ ಸದ್ದು ಹಾಗೇ ಉಳಿಯಿತು.

ಒಳಗೋಡೆಗೆ ಅಂಟಿಸುವ ಸ್ಪಂಜಿನ ಹಾಳೆಯನ್ನು ನಾನು ಯಾರಿಗೂ ಹೇಳೋದಿಲ್ಲ. ತೆಳು ಸ್ಪಂಜು ಕೀಚಲು ಸದ್ದನ್ನು ಸ್ವಲ್ಪ ಹೀರುತ್ತೆ, ಗುಂಯ್ ಅನ್ನುವ ತಗ್ಗು ಸದ್ದಿಗೆ ಅದು ಲೆಕ್ಕಕ್ಕೇ ಇಲ್ಲ. ಮೇಲಾಗಿ ಗಾಳಿಕಿಂಡಿ ಮುಚ್ಚುವ ಹಾಗೆ ಅಂಟಿಸಿದರೆ ಒಳಗೆ ಬಿಸಿಯೇರಿ ಪ್ರೊಸೆಸರ್ ಫ್ಯಾನು ಇನ್ನೂ ಜೋರಾಗುತ್ತೆ.

ಇನ್ನು 7 ವೋಲ್ಟ್ ಉಪಾಯ. ಎಸ್‌ಎಂಪಿಎಸ್ ಪ್ಲಗ್ಗಿನ ಹಳದಿ ವೈರು 12 ವೋಲ್ಟ್, ಕೆಂಪು 5 ವೋಲ್ಟ್. ಫ್ಯಾನನ್ನು ಇವೆರಡರ ನಡುವೆ ಸೇರಿಸಿದರೆ ಅದಕ್ಕೆ ಸಿಗುವುದು 7 ವೋಲ್ಟ್. ಸದ್ದು ಥಟ್ಟನೆ ಇಳಿಯುತ್ತೆ, ನಿಜ. ಆದರೆ ಫ್ಯಾನು ಶಾರ್ಟ್ ಆದರೆ 12 ವೋಲ್ಟ್ ಹೋಗಿ 5 ವೋಲ್ಟಿನ ಲೈನಿಗೆ ಬೀಳುತ್ತೆ, ಹಾರ್ಡ್ ಡಿಸ್ಕಿಗೂ ಅದೇ ಲೈನು. ಅದೇ ಕೆಲಸವನ್ನು ರೆಸಿಸ್ಟರ್ ಇರುವ ಪುಟ್ಟ ಅಡಾಪ್ಟರ್ ಭಯವಿಲ್ಲದೆ ಮಾಡುತ್ತೆ. ಎರಡರಲ್ಲೂ ಒಂದೇ ಕೊರತೆ: ಏಪ್ರಿಲ್ ಬಿಸಿಲಿಗೂ ಡಿಸೆಂಬರ್ ಚಳಿಗೂ ಒಂದೇ ವೇಗ.

ಹೊಸ ಫ್ಯಾನಿಗೆ ಬರೋಣ. ಮುಂದಿನ ಮೂರನ್ನೂ ಬಿಚ್ಚಿ ಎರಡು 140 ಮಿ.ಮೀ. ಹಾಕಿದೆ. ರೆಕ್ಕೆ ದೊಡ್ಡದಾದಷ್ಟೂ ಅಷ್ಟೇ ಗಾಳಿಯನ್ನು ನಿಧಾನವಾಗಿ ತಿರುಗಿ ಕೊಡಬಲ್ಲದು. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಅಗ್ಗದ ಆರ್ಕ್ಟಿಕ್ ಪಿ14 ಒಂದು ಕಡೆ, ಗೆಳೆಯನಿಂದ ಎರವಲು ತಂದ ದುಬಾರಿ ನಾಕ್ಟುವಾ ಎನ್‌ಎಫ್-ಎ14 ಇನ್ನೊಂದು ಕಡೆ. ಬೆಲೆಯಲ್ಲಿ ಅಜಗಜಾಂತರ. ಪೂರ್ತಿ ವೇಗಕ್ಕೆ ಬಿಟ್ಟರೆ ಎರಡೂ ಸುಯ್ಯೆನ್ನುತ್ತವೆ, ನಾಕ್ಟುವಾದ ಸದ್ದು ಕಿವಿಗೆ ಸ್ವಲ್ಪ ಮೆದು. ನಿಮಿಷಕ್ಕೆ 700 ಸುತ್ತಿಗೆ ಇಳಿಸಿದ ಮೇಲೆ ಮೈಕಿಗೂ ಫರಕು ಗೊತ್ತಾಗಲಿಲ್ಲ. ನಮ್ಮಕ್ಕನಿಗೆ ಯಾವುದು ಯಾವುದು ಅಂತ ಹೇಳದೆ ಪಕ್ಕದ ಕೋಣೆಯಿಂದ ಕೇಳಿಸಿದೆ. "ಎರಡೂ ಒಂದೇ ಕಣೋ, ಇನ್ನು ಮಲಗಕ್ಕೆ ಬಿಡು" ಅಂದಳು. ನಿಧಾನಕ್ಕೆ ತಿರುಗಿಸುವವರಿಗೆ ಅಗ್ಗದ್ದೇ ಸಾಕು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಕಾಸಿಲ್ಲದ ಬಯೋಸ್, ಅಂದರೆ ಕಂಪ್ಯೂಟರ್ ಆನ್ ಆಗುವಾಗಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗು. ಆಸುಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್ ಅಂತ ಇರುತ್ತೆ. ನಾಲ್ಕು ಪಿನ್ನಿನ ಫ್ಯಾನಿಗೆ ಪಿಡಬ್ಲ್ಯೂಎಂ (ನಾಲ್ಕನೇ ವೈರಿನ ಸಂಕೇತದಿಂದ ವೇಗ ಬದಲಿಸೋದು), ಮೂರು ಪಿನ್ನಿನದಕ್ಕೆ ಡಿಸಿ (ವೋಲ್ಟೇಜ್ ಏರಿಳಿಸಿ ವೇಗ ಬದಲಿಸೋದು) ಆರಿಸಿ. ಮೂರು ಪಿನ್ನಿನದನ್ನು ಪಿಡಬ್ಲ್ಯೂಎಂನಲ್ಲಿ ಬಿಟ್ಟರೆ ಅದು ಪೂರ್ತಿ ವೇಗದಲ್ಲೇ ತಿರುಗುತ್ತೆ. ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತೆ. 10 ಇಳಿದರೇ ಕಿವಿಗೆ ಅರ್ಧದಷ್ಟು ಅನ್ನಿಸುತ್ತೆ ಅಂದ ಮೇಲೆ ಇದು ಭಾರೀ ಲಾಭ.

ಇಲ್ಲಿ ಬಹಳ ಜನ ನೋಡದೆ ಬಿಡುವ ಒಂದು ಸಂಗತಿ ಇದೆ. ಕ್ಯಾಬಿನೆಟ್ ಫ್ಯಾನು ಯಾವ ಉಷ್ಣತೆ ನೋಡಿ ವೇಗ ಬದಲಿಸಬೇಕು ಅನ್ನೋದು. ಸಾಮಾನ್ಯವಾಗಿ ಅದು ಪ್ರೊಸೆಸರ್‌ಗೆ ಕಟ್ಟಿಕೊಂಡಿರುತ್ತೆ. ಬ್ರೌಸರ್ ತೆರೆದರೆ ಸಾಕು, ಪ್ರೊಸೆಸರ್ ಒಂದು ಕ್ಷಣಕ್ಕೆ ಹತ್ತಿಪ್ಪತ್ತು ಡಿಗ್ರಿ ಜಿಗಿದು ಇಳಿಯುತ್ತೆ, ಫ್ಯಾನೂ ಅದರ ಹಿಂದೆ ಓಡುತ್ತೆ. ಅದನ್ನು ಮದರ್‌ಬೋರ್ಡಿನ ಉಷ್ಣತೆಗೆ ಬದಲಿಸಿದೆ. ಅದು ನಿಧಾನವಾಗಿ ಏರುತ್ತೆ, ನಿಧಾನವಾಗಿ ಇಳಿಯುತ್ತೆ. ಜೊತೆಗೆ ವೇಗ ಬದಲಾಗುವ ಮುಂಚೆ ಕೆಲವು ಸೆಕೆಂಡ್ ಕಾಯುವ ಹಾಗೆ ಇಟ್ಟೆ. 900 ಸುತ್ತಿನ ಆಸುಪಾಸಿನಲ್ಲಿ ನನ್ನ ಕ್ಯಾಬಿನೆಟ್ಟಿನ ತಗಡು ಫ್ಯಾನಿನ ಜೊತೆ ದನಿಗೂಡಿಸುತ್ತಿತ್ತು, ಆ ವೇಗದಲ್ಲಿ ನಿಲ್ಲದೆ ದಾಟಿಹೋಗುವಂತೆ ಬಯೋಸಿನ ವೇಗದ ಗ್ರಾಫಿನಲ್ಲಿ ಗೆರೆ ಎಳೆದೆ. ರೆಕಾರ್ಡಿಂಗಿನಲ್ಲಿ ಈಗ ಫ್ಯಾನು ಇದೆ ಅಂತಲೇ ಗೊತ್ತಾಗೋದಿಲ್ಲ. ಏಪ್ರಿಲ್ ಮಧ್ಯಾಹ್ನ ವಿಡಿಯೊ ಎಡಿಟ್ ಮಾಡುವಾಗಲೂ ಪ್ರೊಸೆಸರ್ 80 ಡಿಗ್ರಿ ಮುಟ್ಟಲಿಲ್ಲ.

ಫ್ಯಾನುಗಳು ನೇರ ಎಸ್‌ಎಂಪಿಎಸ್‌ಗೆ ಸೇರಿರುವವರಿಗೆ ಬಯೋಸ್ ಏನೂ ಮಾಡಲಾರದು. ಅವರು ಮದರ್‌ಬೋರ್ಡಿಗೆ ಸೇರಿಸುವಂಥ ಮೂರು ಅಥವಾ ನಾಲ್ಕು ಪಿನ್ನಿನ ಫ್ಯಾನು ಒಂದೆರಡು ಕೊಳ್ಳಬೇಕು. ನಿಧಾನದ ಫ್ಯಾನಿಗೆ ಗಾಳಿಯ ದಾರಿ ಸಲೀಸಾಗಿರಬೇಕು ಅನ್ನೋದೂ ನೆನಪಿರಲಿ. ನಮ್ಮೂರ ಬೇಸಿಗೆ ಧೂಳಿಗೆ ಮುಂದಿನ ಜಾಲರಿ ಬೇಗ ಕಟ್ಟಿಕೊಳ್ಳುತ್ತೆ, ಆಗಾಗ ತೊಳೆದು ಪೂರ್ತಿ ಒಣಗಿಸಿ ಹಾಕಿ. ಬ್ಲೋವರ್‌ನಲ್ಲಿ ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಗಾಳಿಯ ರಭಸಕ್ಕೆ ಎರ್ರಾಬಿರ್ರಿ ತಿರುಗಿದರೆ ಬೇರಿಂಗು ಕೆಡುತ್ತೆ.