ಚಂದ್ರನಿಂದ ವಾಪಸೇ ಬಾರದ ಹಾಳೆಗೆ 240 ಡಾಲರ್ ಕೊಟ್ಟೆ

ಬಾಹ್ಯಾಕಾಶಕ್ಕೆ ಹೋಗಿ ಬಂದ ವಸ್ತುಗಳನ್ನು ಕೂಡಿಡುವ ಹುಚ್ಚು ನಿಮಗೂ ಇದ್ದರೆ ಇದನ್ನು ಓದಿ. ಇಲ್ಲದವರು ಸುಮ್ನೆ ನಕ್ಕುಬಿಡಿ, ಬೇಜಾರಿಲ್ಲ.

ಹೋದ ವರ್ಷ ಆನ್‌ಲೈನ್‌ನಲ್ಲಿ ಅಮೆರಿಕದ ಒಬ್ಬ ವ್ಯಾಪಾರಿಯಿಂದ ಅಪೊಲೊ 11ರ, ಅಂದ್ರೆ 1969ರಲ್ಲಿ ಮನುಷ್ಯರನ್ನು ಮೊದಲ ಸಲ ಚಂದ್ರನ ಮೇಲಿಳಿಸಿದ ಯಾನದ, ಹಾಳೆಯ ಚೂರೊಂದನ್ನು ಕೊಂಡೆ. ಹಾಳೆ ಅಂದ್ರೆ ಕಾಗದವಲ್ಲ, ಬಿಸಿ ತಡೆಯಲು ನೌಕೆಯ ಹೊರಗೆ ಹೊದಿಸುವ ತೆಳ್ಳಗಿನ ಹೊಳೆಯುವ ಪದರ. ಕಿರುಬೆರಳಿನ ಉಗುರಿನಷ್ಟಿತ್ತು. ಚಿನ್ನದ ಬಣ್ಣ. ದಪ್ಪ ಅಕ್ರಿಲಿಕ್ ಒಳಗೆ ಕೂರಿಸಿದ್ದರು. ಜೊತೆಗೊಂದು ಸರ್ಟಿಫಿಕೇಟು, ಅದರ ಮೇಲೆ ಮಿರಮಿರ ಹೊಳೆಯುವ ಸ್ಟಿಕ್ಕರು. 'ಈಗಲ್ ನೌಕೆಯ ಕೆಳಭಾಗದ ಹೊದಿಕೆ, ಚಂದ್ರನಿಗೆ ಹೋಗಿ ಬಂದದ್ದು' ಅಂತ ಬರೆದಿತ್ತು. ಈಗಲ್ ಅಂದ್ರೆ ಆ ಯಾನದಲ್ಲಿ ಚಂದ್ರನ ಮೇಲೆ ಇಳಿದ ನೌಕೆ. ಬೆಲೆ 240 ಡಾಲರ್, ಕಸ್ಟಮ್ಸ್ ಬೇರೆ.

ಒಂದು ಭಾನುವಾರ ಭಾವ ಮನೆಗೆ ಬಂದಿದ್ದರು. ಗೋಡೆ ಮೇಲಿನ ಈಗಲ್ ಫೋಟೊ ತೋರಿಸುತ್ತಾ ಜೋರಾಗಿ ವಿವರಿಸುತ್ತಿದ್ದೆ. "ನೋಡಿ ಭಾವ, ಈ ಕಾಲುಗಳಿರೋ ಕೆಳಭಾಗವನ್ನ ಚಂದ್ರನ ಮೇಲೇ ಬಿಟ್ಟು ಬಂದ್ರು. ಮೇಲಿನ ಭಾಗವನ್ನೂ ಅಲ್ಲೇ ಕಕ್ಷೇಲಿ ಕಳಚಿಬಿಟ್ರು..." ಅಲ್ಲಿಗೆ ಮಾತು ನಿಂತಿತು. ಭಾವ ನನ್ನ ಕೈಯಲ್ಲಿದ್ದ ಅಕ್ರಿಲಿಕ್ ನೋಡಿದರು. "ಹಾಗಾದ್ರೆ ಇದು ಹೇಗೆ ಬಂತು?"

ಇಷ್ಟು ವರ್ಷ ಗೊತ್ತಿದ್ದ ವಿಷಯ. ಕೊಳ್ಳುವಾಗ ಮಾತ್ರ ಹೊಳೆಯಲಿಲ್ಲ, ಆಸೆ ನೋಡಿ!

ವ್ಯಾಪಾರಿಗೆ ಬರೆದೆ. "ಅದೇ ರೋಲ್‌ನಲ್ಲಿ ಉಳಿದ ಹಾಳೆ ಇರಬಹುದು" ಎಂದ. ಹಾರಿದ್ದು ಬೇರೆ, ಕಾರ್ಖಾನೆಯಲ್ಲಿ ಉಳಿದದ್ದು ಬೇರೆ ಅಲ್ವಾ? ಹಣ ವಾಪಸ್ ಕೇಳಿದ ಮೇಲೆ ಉತ್ತರವೇ ಇಲ್ಲ. ಆಮೇಲೆ ಸರ್ಟಿಫಿಕೇಟು ಮತ್ತೆ ನೋಡಿದರೆ ಕೆಳಗಿದ್ದ ಸಹಿ ಅವನದ್ದೇ. ತಾನು ಮಾರುವ ಮಾಲಿಗೆ ತಾನೇ ಸಾಕ್ಷಿ!

ಅಪೊಲೊ 11ರಲ್ಲಿ ಭೂಮಿಗೆ ಮರಳಿದ ನೌಕೆ ಕೊಲಂಬಿಯಾ ಒಂದೇ. ಅದರ ಹೊರಮೈಗೆ ಅಂಟಿಸಿದ್ದ ಹಾಳೆ ಬೆಳ್ಳಿ ಬಣ್ಣದ್ದು. ವಾತಾವರಣಕ್ಕೆ ನುಗ್ಗುವಾಗ ಬಹುಪಾಲು ಸುಟ್ಟುಹೋಯಿತು. ಉಳಿದ ಚೂರುಗಳು ನಿಜವಾಗಿಯೂ ಸಿಗುತ್ತವೆ. ಆದರೆ ಕಿತ್ತವರು ಯಾರು, ಆಮೇಲೆ ಯಾರ ಕೈಗೆ ಹೋಯಿತು, ಅದನ್ನು ಕೇಳಬೇಕು. ನಾನು ಕೇಳಲಿಲ್ಲ.

ಗಗನಯಾತ್ರಿಗಳ ಸಹಿ ಇರುವ ಲಕೋಟೆಗಳಲ್ಲೂ ಇದೇ ಕಥೆ. ಅಪೊಲೊ 11ರ ಮೂವರೂ ಹೊರಡುವ ಮೊದಲು ಲಕೋಟೆಗಳಿಗೆ ಸಹಿ ಹಾಕಿ ಮನೆಯವರಿಗೆ ಬಿಟ್ಟಿದ್ದರು. ತಾವು ಬರದೇ ಹೋದರೆ ಮಾರಿಕೊಳ್ಳಲಿ ಅಂತ. ಸಹಿ ಅಸಲಿ, ಬೆಲೆಯೂ ಜಾಸ್ತಿ. ಆದರೆ ಅವು ನೆಲ ಬಿಟ್ಟು ಹೋಗಿಲ್ಲ. ಅವನ್ನೂ 'ಹಾರಿದ್ದು' ಅಂತ ಯಾರಾದರೂ ತೋರಿಸಿದರೆ ನಂಬಬೇಡಿ.

ಅದೃಷ್ಟ ಖುಲಾಯಿಸಿದವರೂ ಇದ್ದಾರೆ. 2015ರಲ್ಲಿ ಸರ್ಕಾರಿ ಹರಾಜಿನಲ್ಲಿ 995 ಡಾಲರಿಗೆ ಹೋದ ಚೀಲವೊಂದು ಅಪೊಲೊ 11ರಲ್ಲಿ ಚಂದ್ರನ ಮಣ್ಣು ತಂದ ಚೀಲವೇ ಆಗಿತ್ತು. ನಾಸಾದ ಪರೀಕ್ಷೆಯಲ್ಲಿ ಅದರೊಳಗೆ ಚಂದ್ರನ ಧೂಳು ಸಿಕ್ಕಿತು. ಕೋರ್ಟಿಗೂ ಹೋಗಿ ಬಂದು, 2017ರಲ್ಲಿ 18 ಲಕ್ಷ ಡಾಲರಿಗೆ ಮಾರಾಟವಾಯಿತು. ಇದನ್ನು ಓದಿಯೇ ನನ್ನ ತಲೆ ಕೆಟ್ಟಿದ್ದು.

ನಿನ್ನೆ ನೋಡಿದೆ, ಅದೇ ವ್ಯಾಪಾರಿ ಇನ್ನೂ ನಾಲ್ಕು ಚಿನ್ನದ ಚೂರು ಮಾರಾಟಕ್ಕಿಟ್ಟಿದ್ದಾನೆ. ಈಗ ಬೆಲೆ 260.