ಸಣ್ಣ ಬಾರಿನಲ್ಲಿ ಹೊಸ ಬ್ಯಾಂಡು: ಎಲ್ಲಿ ನಿಂತರೆ ಏನು ಕೇಳುತ್ತದೆ

ಹೆಸರೇ ಕೇಳಿರದ ಬ್ಯಾಂಡೊಂದನ್ನು ನೂರು ಜನ ಹಿಡಿಸುವ ಬಾರಿನಲ್ಲಿ ಕೇಳುವುದು ದೊಡ್ಡ ಮೈದಾನದ ಕಾರ್ಯಕ್ರಮಕ್ಕಿಂತ ಹೆಚ್ಚು ಖುಷಿ ಕೊಡುತ್ತದೆ. ಬೆರಳು ತಂತಿಯ ಮೇಲೆ ಜಾರುವುದು, ಡ್ರಮ್ಮರ್ ಕಣ್ಸನ್ನೆಯಲ್ಲೇ ಹಾಡು ಮುಗಿಸುವುದು ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಆದರೆ ನಿಲ್ಲುವ ಜಾಗ ಸರಿಯಿರಬೇಕು. ಅದೇ ಬ್ಯಾಂಡು, ಅದೇ ಹಾಡು. ನಾಲ್ಕು ಹೆಜ್ಜೆ ಆಚೀಚೆ ಸರಿದರೆ ಒಂದು ಕಡೆ ಪ್ರತಿ ಪದವೂ ಬಿಡಿಬಿಡಿಯಾಗಿ ಕೇಳುತ್ತದೆ, ಇನ್ನೊಂದು ಕಡೆ ಬರೀ ಗದ್ದಲ. ಸೌಂಡ್ ಚೆನ್ನಾಗಿರಲಿಲ್ಲ ಎಂದು ಬೈದುಕೊಂಡು ಹೊರಬರುವವರಲ್ಲಿ ಅನೇಕರು ನಿಂತ ಜಾಗವೇ ಸರಿಯಿರುವುದಿಲ್ಲ.

ಕಾರಣ ಸರಳ. ದೊಡ್ಡ ಸಭಾಂಗಣದಲ್ಲಿ ಪ್ರತಿ ವಾದ್ಯವೂ ಮಿಕ್ಸರ್, ಅಂದರೆ ಎಲ್ಲ ಸದ್ದುಗಳನ್ನೂ ಹೊಂದಿಸುವ ಯಂತ್ರ, ಹಾದು ಸ್ಪೀಕರಿಗೆ ಬರುತ್ತದೆ. ಸಣ್ಣ ಬಾರಿನಲ್ಲಿ ಡ್ರಮ್ಸ್ ತನ್ನ ಪಾಡಿಗೆ ತಾನು ಸದ್ದು ಮಾಡುತ್ತದೆ, ಗಿಟಾರು, ಬೇಸ್ ಗಿಟಾರು ತಮ್ಮ ತಮ್ಮ ಆಂಪಿನಿಂದ (ಸದ್ದು ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆಯಿಂದ) ನೇರ ಬರುತ್ತವೆ. ಗೋಡೆಯ ಅಥವಾ ಕಂಬದ ಮೇಲಿನ ಎರಡು ಸ್ಪೀಕರುಗಳಲ್ಲಿ ಇರುವುದು ಹೆಚ್ಚಾಗಿ ಹಾಡುವವರ ದನಿ, ಜೊತೆಗೆ ಕೀಬೋರ್ಡ್ ಇದ್ದರೆ ಅದು. ವೇದಿಕೆಯ ಅಂಚಿಗೆ ಅಂಟಿ ನಿಂತವರಿಗೆ ಸ್ನೇರ್ ಡ್ರಮ್ ಮುಖಕ್ಕೆ ಹೊಡೆಯುತ್ತದೆ, ಸ್ಪೀಕರುಗಳು ಮಾತ್ರ ಅವರ ತಲೆ ದಾಟಿ ಹಿಂದಿನವರಿಗೆ ಹಾಡುತ್ತಿರುತ್ತವೆ. ತುಟಿ ಅಲ್ಲಾಡುವುದು ಕಾಣುತ್ತದೆ, ಸಾಹಿತ್ಯ ಕೇಳುವುದಿಲ್ಲ.

ಗಿಟಾರ್ ಆಂಪಿನ ಸ್ವಭಾವವನ್ನೂ ತಿಳಿದಿರಬೇಕು. ಸಾಮಾನ್ಯವಾಗಿ ಅದರಲ್ಲಿರುವುದು 12 ಇಂಚಿನ ಸ್ಪೀಕರು. ಸ್ವರ ತಾರಕ್ಕೆ ಏರಿದಂತೆ ಅದರ ಸದ್ದು ಟಾರ್ಚಿನ ಬೆಳಕಿನಂತೆ ಮುಂದಕ್ಕಷ್ಟೇ ಹೋಗುತ್ತದೆ. ಅದರ ನೇರಕ್ಕೆ ನಿಂತವರ ಕಿವಿ ಕೊಯ್ಯುತ್ತದೆ. ಎರಡು ಮೀಟರ್ ಪಕ್ಕಕ್ಕೆ ಸರಿದರೆ ಅದೇ ಗಿಟಾರು ಮಂಕು. ಅನುಭವವಿರುವ ಗಿಟಾರಿನವರು ಆಂಪನ್ನು ನೆಲದಲ್ಲಿ ಬಿಡದೆ ಕುರ್ಚಿಯ ಮೇಲಿಡುತ್ತಾರೆ, ಇಲ್ಲವೇ ತಮ್ಮ ಕಿವಿಯತ್ತ ವಾಲಿಸುತ್ತಾರೆ. ನೆಲದಲ್ಲಿದ್ದರೆ ಸದ್ದೆಲ್ಲ ಅವರ ಮೊಣಕಾಲಿಗೆ ಹೋಗುತ್ತದೆ, ತಮಗೆ ಕೇಳುವುದಿಲ್ಲವೆಂದು ಅವರು ವಾಲ್ಯೂಮ್ ಏರಿಸುತ್ತಾರೆ, ಮುಂದಿನ ಸಾಲಿನವರು ಅನುಭವಿಸುತ್ತಾರೆ. ಬಂದ ಕೂಡಲೇ ಆಂಪ್ ಎತ್ತ ಮುಖ ಮಾಡಿದೆ ನೋಡಿ, ಆ ಗೆರೆ ಬಿಟ್ಟು ನಿಲ್ಲಿ.

ಬೇಸಿನ ಕಥೆ ಇನ್ನೂ ವಿಚಿತ್ರ. 4 ಮೀಟರ್ ಅಗಲದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್‌ನ ಸದ್ದು ಎರಡು ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ, ಅಂದರೆ ಕೆಲವು ಜಾಗಗಳಲ್ಲಿ ಸದಾ ಜೋರು, ಕೆಲವು ಜಾಗಗಳಲ್ಲಿ ಸದಾ ಮೆತ್ತಗೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಹತ್ತಿರ ಹತ್ತಿರ ಅದೇ. ಪರಿಣಾಮವಾಗಿ ಗೋಡೆಗೆ ಒರಗಿದವರ ಎದೆ ನಡುಗುತ್ತದೆ, ಅಗಲದ ನಟ್ಟನಡುವೆ ನಿಂತವರಿಗೆ ಆ ಸ್ವರ ಬಹುಮಟ್ಟಿಗೆ ಮಾಯ. ಮೂಲೆಯಲ್ಲಂತೂ ಎಲ್ಲ ಕೆಳಸ್ವರಗಳೂ ಉಬ್ಬಿ ರಾಡಿಯಾಗುತ್ತವೆ. ಕೋಣೆಯ ಅಳತೆ ಬದಲಾದರೆ ಸ್ವರವೂ ಬದಲಾಗುತ್ತದೆ, ಆದರೆ ಗೋಡೆ, ಮೂಲೆ ಬಿಡಬೇಕು, ನಡುಗೆರೆಯಿಂದ ಒಂದೆರಡು ಹೆಜ್ಜೆ ಪಕ್ಕಕ್ಕಿರಬೇಕು ಎಂಬುದು ಹೆಚ್ಚಿನ ಕಡೆ ನಡೆಯುತ್ತದೆ.

ಹಾಗಾದರೆ ಒಳ್ಳೆಯ ಜಾಗ ಯಾವುದು? ಎರಡು ಸ್ಪೀಕರುಗಳ ನಡುವೆ ಎಷ್ಟು ಅಂತರವೋ ಹೆಚ್ಚುಕಡಿಮೆ ಅಷ್ಟೇ ದೂರ ಹಿಂದೆ. ಮಿಕ್ಸರ್ ಕೋಣೆಯ ಮಧ್ಯಭಾಗದಲ್ಲಿದ್ದರೆ ಅದರ ತುಸು ಮುಂದೆ ನಿಲ್ಲುವುದಕ್ಕಿಂತ ಉತ್ತಮ ಆಯ್ಕೆಯಿಲ್ಲ, ಏಕೆಂದರೆ ಸೌಂಡಿನವರು ಹೊಂದಿಸುವುದು ಅಲ್ಲಿ ಕೇಳುವುದನ್ನೇ. ಮಿಕ್ಸರ್ ಮೂಲೆಗೋ ಕೌಂಟರಿನ ಒಳಕ್ಕೋ ತುರುಕಿದ್ದರೆ ಸೌಂಡಿನವರು ಆಗಾಗ ಎದ್ದು ಜನರ ನಡುವೆ ಬಂದು ಕೇಳಿ ಹೋಗುತ್ತಾರೆಯೇ ಗಮನಿಸಿ. ಹಾಗೆ ಮಾಡುವವರಿರುವ ಬಾರಿಗೆ ಮತ್ತೆ ಹೋಗಬಹುದು. ಖಾಲಿ ಕೋಣೆಯಲ್ಲಿ ಹೊಂದಿಸಿದ ಸದ್ದು ಜನ ತುಂಬಿದ ಮೇಲೆ ಹಾಗೇ ಉಳಿಯುವುದಿಲ್ಲ: ಮೈ, ಬಟ್ಟೆ ಮೇಲಿನ ಸ್ವರಗಳನ್ನು ಹೀರಿಕೊಂಡು ದನಿ ಮಬ್ಬಾಗುತ್ತದೆ. ಅದನ್ನು ಸರಿಪಡಿಸಲು ಒಂದೆರಡು ಹಾಡು ಬೇಕು. ಅದಕ್ಕೇ ಬ್ಯಾಂಡನ್ನು ಮೊದಲ ಹಾಡಿನಲ್ಲೇ ಅಳೆಯುವುದು ಅನ್ಯಾಯ.

ಮೈಕ್ ಕುಯ್ಯೆಂದು ಕೂಗಿಕೊಳ್ಳುವುದು ಸಣ್ಣ ಬಾರಿನ ಕಾಯಂ ಕಾಟ. ಮೈಕ್ ಹಿಡಿದದ್ದನ್ನು ಸ್ಪೀಕರ್ ಹೊರಹಾಕುತ್ತದೆ, ಅದನ್ನೇ ಮೈಕ್ ಮತ್ತೆ ಹಿಡಿಯುತ್ತದೆ, ಒಂದೇ ಸ್ವರ ಸುತ್ತಿ ಸುತ್ತಿ ಬೆಳೆಯುತ್ತದೆ. ಬಾರುಗಳಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಮೈಕ್ 1966ರಲ್ಲಿ ಬಂದ ಶೂರ್ ಎಸ್‌ಎಂ58. ಅದು ಎದುರಿನ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ತೀರಾ ಕಡಿಮೆ. ಅದಕ್ಕೇ ಹಾಡುವವರಿಗೆ ತಮ್ಮ ದನಿ ಕೇಳಲೆಂದು ಕಾಲಬುಡದಲ್ಲಿಡುವ ಸ್ಪೀಕರನ್ನು, ಅಂದರೆ ಮಾನಿಟರನ್ನು, ಮೈಕಿನ ಬೆನ್ನಿಗೆ ನೇರವಾಗಿ ಇಡಬೇಕು. ಆದರೆ ಹಾಡುವವರು ಸ್ಟೈಲಿಗೆಂದು ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಹಿಂದಿನ ಸದ್ದು ಒಳಹೋಗುವ ಕಿಂಡಿಗಳೂ ಮುಚ್ಚುತ್ತವೆ, ಆ ಗುಣವೇ ಹೋಗಿ ಮೈಕ್ ಸುತ್ತಲಿನದನ್ನೆಲ್ಲ ಹಿಡಿಯುತ್ತದೆ. ಕೂಗು ಬಂದಾಗ ಎಲ್ಲರೂ ಸೌಂಡಿನವರತ್ತ ತಿರುಗಿ ನೋಡುತ್ತಾರೆ. ಒಮ್ಮೆ ಹಾಡುವವರ ಕೈಯತ್ತಲೂ ನೋಡಿ. ಬಳಸದ ಮೈಕುಗಳನ್ನು ತೆರೆದೇ ಇಡುವುದು ಇನ್ನೊಂದು ಕಾರಣ: ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದರೆ ಕೂಗು ಬರುವ ಮುನ್ನ ಏರಿಸಬಹುದಾದ ಸದ್ದು ಸುಮಾರು 3 ಡೆಸಿಬೆಲ್ ತಗ್ಗುತ್ತದೆ.

ಡ್ರಮ್ಮರ್ ಕೋಣೆಗೆ ತಕ್ಕಂತೆ ಬಾರಿಸುತ್ತಾರೋ ಇಲ್ಲವೋ ಎಂಬುದರ ಮೇಲೆ ನಾವು ಅರ್ಧದಷ್ಟು ಅಂಕ ಕೊಡುತ್ತೇವೆ. ಅಲ್ಲಿ ಗುಂಡಿ ತಿರುಗಿಸಿ ತಗ್ಗಿಸಲಾಗದ ಸದ್ದೆಂದರೆ ಡ್ರಮ್ಸ್ ಒಂದೇ. ಮಿಕ್ಕವರೆಲ್ಲ ಅದರ ಮಟ್ಟಕ್ಕೆ ಏರಬೇಕಾಗುತ್ತದೆ. ಸಿಂಬಲನ್ನು ತೆಳುವಾಗಿ ಮುಟ್ಟಿ, ಕೋಲಿನ ಬದಲು ತೆಳು ಕಡ್ಡಿಗಳ ಕಟ್ಟಾದ ರಾಡ್ ಹಿಡಿದು ಬಾರಿಸುವವರಿದ್ದರೆ ಹಾಡು ಉಳಿಯುತ್ತದೆ.

ಕಿವಿಯ ವಿಷಯದಲ್ಲಿ ಉದಾಸೀನ ಬೇಡ. ಕಾರ್ಯಕ್ರಮ ನಡೆಯುವ ಜಾಗಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹೊರಡಿಸಿದೆ. ಇಕ್ಕಟ್ಟಾದ ಕೋಣೆಯಲ್ಲಿ ಡ್ರಮ್ಸ್ ಒಂದೇ ಆ ಮಟ್ಟ ಮುಟ್ಟಬಲ್ಲದು. ಫೋಮಿನ ಇಯರ್‌ಪ್ಲಗ್ ಮೇಲಿನ ಸ್ವರಗಳನ್ನೇ ಹೆಚ್ಚು ತಿಂದು ಸಂಗೀತವನ್ನು ಕಂಬಳಿಯಡಿ ಹಾಕುತ್ತದೆ. ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಇರುವ ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ, ಸಾಹಿತ್ಯ ಇನ್ನೂ ಸ್ಪಷ್ಟವಾಗುವುದೂ ಉಂಟು. ಹಾಕಿಕೊಳ್ಳುವಾಗ ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಬೇಕು, ಇಲ್ಲದಿದ್ದರೆ ಸಂದಿ ಉಳಿದು ಪ್ರಯೋಜನವಾಗದು.

ಬೇಗ ಹೋಗಿ, ಮೊದಲ ಬ್ಯಾಂಡನ್ನು ತಪ್ಪಿಸಬೇಡಿ. ಸೌಂಡ್‌ಚೆಕ್, ಅಂದರೆ ಜನ ಬರುವ ಮುನ್ನ ಪ್ರತಿ ಬ್ಯಾಂಡಿನ ಸದ್ದು ಹೊಂದಿಸಿ ನೋಡುವುದು, ಸಾಮಾನ್ಯವಾಗಿ ತಿರುವುಮುರುವಾಗಿ ನಡೆಯುತ್ತದೆ: ಕೊನೆಗೆ ನುಡಿಸುವವರದು ಮೊದಲು, ಮೊದಲು ನುಡಿಸುವವರದು ಕೊನೆಗೆ. ಹಾಗಾಗಿ ಬಾಗಿಲು ತೆರೆದಾಗ ಮಿಕ್ಸರಿನ ಗುಂಡಿಗಳು, ಮೈಕುಗಳು ಎಲ್ಲವೂ ಮೊದಲ ಬ್ಯಾಂಡಿಗೆ ಹೊಂದಿಸಿದಂತೆಯೇ ಇರುತ್ತವೆ. ನಡುವಿನವರಿಗೆ ಸಿಗುವುದು ಬದಲಾವಣೆಯ 15–20 ನಿಮಿಷ; ಡ್ರಮ್ಸ್ ಹಂಚಿಕೊಂಡರೂ ಸ್ನೇರ್, ಸಿಂಬಲ್, ಕಿಕ್ ಪೆಡಲ್ ಪ್ರತಿಯೊಬ್ಬರೂ ತಮ್ಮದೇ ತರುವುದರಿಂದ ಅದರಲ್ಲೇ ಬಹುಪಾಲು ಕಳೆದುಹೋಗುತ್ತದೆ. ಬಾಗಿಲಲ್ಲಿ ಯಾವ ಬ್ಯಾಂಡಿಗಾಗಿ ಬಂದಿರಿ ಎಂದು ಕೇಳಿದರೆ ಯಾವುದಾದರೂ ಒಂದು ಹೆಸರು ಹೇಳಿ. ಕೆಲವು ಕಡೆ ಬ್ಯಾಂಡಿನವರ ಪಾಲು ನಿರ್ಧಾರವಾಗುವುದು ಆ ಲೆಕ್ಕದ ಮೇಲೆ. ಇಷ್ಟವಾದರೆ ಅವರ ಮೇಜಿನಿಂದ ಸಿಡಿಯೋ ಟೀ ಶರ್ಟೋ ಕೊಳ್ಳಿ, ಆದರೆ ಅವರು ವೇದಿಕೆ ಖಾಲಿ ಮಾಡಿ ಸಾಮಾನು ಇಳಿಸಿಕೊಂಡ ಮೇಲೆ ಮಾತಾಡಿಸಿ.