ಬಾಲ್ ಪೈಥಾನ್ ಗೂಡಿಗೆ ಹೀಟ್ ಮ್ಯಾಟೋ, ಸೆರಾಮಿಕ್ ಬಲ್ಬೋ?

ಗೂಡು ಬೆಚ್ಚಗಿಡಲು ಇವೆರಡರಲ್ಲಿ ಯಾವುದು ಒಳ್ಳೆಯದೆಂದು ಕುಂಬಳೆಯಿಂದ ಕೇಳಿದ್ದೀರಿ; ನಮ್ಮ ಕಾಸರಗೋಡಿನ ಹವೆಯಲ್ಲಿ ಬಿಸಿಗಿಂತ ತೇವವೇ ದೊಡ್ಡ ತಲೆನೋವು. ಪಶ್ಚಿಮ ಆಫ್ರಿಕಾ ಮೂಲದ ಈ ಹಾವಿಗೆ ಗೂಡಿನ ಒಂದು ಬದಿ 31–33 ಡಿಗ್ರಿ, ಇನ್ನೊಂದು ಬದಿ 25–27 ಇರಬೇಕು, ತೇವಾಂಶ ಶೇ. 60ರ ಆಸುಪಾಸು.

ಗೂಡಿನಡಿ ಇಡುವ ಬಿಸಿ ಹಾಸು, ಅಂದರೆ ಹೀಟ್ ಮ್ಯಾಟ್, ಅಗ್ಗ; ಕರೆಂಟು ತಿನ್ನುವುದೂ ಕಡಿಮೆ. ಆದರೆ ಕಾಯಿಸುವುದು ನೆಲವನ್ನು, ಗಾಳಿಯನ್ನಲ್ಲ. ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಬಲ್ಬ್ ಗಾಳಿಯನ್ನೂ ಕಾಯಿಸಿ ಒಣಗಿಸುತ್ತದೆ: ಬೇಸಗೆಯಲ್ಲಿ ಅದು ದೋಷ, ಆಟಿಯ ಮಳೆಗಾಲದಲ್ಲಿ ಗುಣ. ಜುಲೈಯಲ್ಲಿ ಗಾಜಿನ ಒಳಮೈ ಬೆವರಿ, ತೆಂಗಿನ ನಾರಿನ ಹಾಸು ಬೂಷ್ಟು ಹಿಡಿದಾಗ ನನ್ನನ್ನು ಕಾಪಾಡಿದ್ದು ಬಲ್ಬೇ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಕುವವರಿಗೆ ಮ್ಯಾಟ್ ಸಾಕು. ಜಾಲರಿ ಮುಚ್ಚಳದ ಗಾಜಿನ ಗೂಡಿಗೆ ಬಲ್ಬ್, ಅದೂ ಹಾವಿಗೆ ತಾಗದಂತೆ. ಯಾವುದನ್ನೂ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹಚ್ಚಬೇಡಿ. ಹೊಟ್ಟೆ ಸುಡುತ್ತಿದ್ದರೂ ಹಾವು ಕೆಲವೊಮ್ಮೆ ಕದಲದೆ ಮಲಗಿರುತ್ತದೆ.